ಸಹಾಯ ಬೇಕು: ಹಳೇ ಮುತ್ತಿನ ಸರದಿಂದ ಓಲೆ, ತೂತು ಸಾಲುತ್ತಿಲ್ಲ
ಹರಿದ ಮುತ್ತು-ಹವಳದ ಸರದಿಂದ ಜೋತಾಡುವ ಓಲೆ. ಒಂದು ಜೊತೆ ಓಲೆಗೆ ಆರು ಮುತ್ತು, ಎರಡು ಹವಳ. ಹವಳಕ್ಕೆ 0.6 ಮಿಮೀ ಹೆಡ್‌ಪಿನ್ (ಮಣಿ ಜಾರದಂತೆ ಒಂದು ತುದಿಗೆ ತಲೆ ಇರುವ ತಂತಿ) ಸಲೀಸಾಗಿ ಹೋಗುತ್ತೆ, ಮುತ್ತಿಗೆ 0.4 ಮಾತ್ರ. ಅಷ್ಟು ತೆಳು ತಂತಿಗೆ ಬರೀ ಕುಣಿಕೆ ಹಾಕಿದರೆ, ಕೂದಲಿಗೆ ಸಿಕ್ಕಿ ಎಳೆದ ಕೂಡಲೇ ಬಾಯಿ ಬಿಡುತ್ತೆ. 3 ಸೆಂ.ಮೀ. ತಂತಿ ಬಿಟ್ಟು, ಕುಣಿಕೆಯ ಬುಡಕ್ಕೆ ಎರಡೂವರೆ ಸುತ್ತು ಸುತ್ತಿದರೆ ಗಟ್ಟಿ. ಆದರೆ ಕೊನೆಯ ಸುತ್ತು ಮುತ್ತಿಗೆ ಒತ್ತಿ, ತೂತಿನ ಅಂಚಲ್ಲಿ ಹೊಳಪಿನ ಪದರ ಅಕ್ಕಿನುಚ್ಚಿನಷ್ಟು ಚಕ್ಕೆ ಏಳುತ್ತಿದೆ.

ತಂತಿಯ ಸುತ್ತಿಗೂ ಮುತ್ತಿಗೂ ಮಧ್ಯೆ 2 ಮಿಮೀ ಲೋಹದ ಮಣಿ ಕೂರಿಸಿದರೆ ಸಾಕಾ? ಅಥವಾ ನೀರಲ್ಲಿಟ್ಟು, ವಜ್ರದ ಪುಡಿ ಲೇಪಿಸಿದ ಕೈ ರೀಮರ್‌ನಿಂದ ತೂತನ್ನೇ 0.6ಕ್ಕೆ ಹಿಗ್ಗಿಸಬಹುದಾ? ಹಳೇ ಮುತ್ತು ಸೀಳದ ಹಾಗೆ ಮಾಡಿದವರು ದಯವಿಟ್ಟು ಹೇಳಿ. ಸೂಪರ್ ಗ್ಲೂ ಮಾತ್ರ ಬೇಡ, ಒಣಗುವಾಗ ಮುತ್ತಿನ ಮೇಲೆ ಬಿಳಿ ಮಂಜು ಕೂರುತ್ತೆ.