ಕಿವಿಯ ಹರಳು ಸರಿಯಾದ ಮೇಲೂ ನಡೆಯುವಾಗ ತೂಗಾಟ: ಏನು ಮಾಡಬೇಕು?

ಕೇಳಿದ್ದು (ತೀರ್ಥಹಳ್ಳಿ ಕಡೆಯಿಂದ): ಅಮ್ಮನಿಗೆ 61 ವರ್ಷ. ಬಲಕ್ಕೆ ಮಗ್ಗುಲಾದರೆ ಮನೆಯೇ ಗಿರ್ರನೆ ತಿರುಗುತ್ತಿತ್ತು, ವಾಂತಿ ಬೇರೆ. ಕಿವಿ ಡಾಕ್ಟರು ಬಲಗಿವಿಯೊಳಗಿನ ಸಣ್ಣ ಹರಳು ಜಾಗ ಬಿಟ್ಟು ಜಾರಿದೆ, ಈ ತಲೆಸುತ್ತಿಗೆ ಬಿಪಿಪಿವಿ ಅಂತಾರೆ ಅಂತ ಹೇಳಿ, ತಲೆ ತಿರುಗಿಸಿ ಹರಳನ್ನು ಜಾಗಕ್ಕೆ ಕಳಿಸೋ ಎಪ್ಲಿ ವಿಧಾನ ಮಾಡಿಸಿದರು. ಸುತ್ತು ನಿಂತಿದೆ. ಆದರೆ ನಡೆದರೆ ತೇಲಿದ ಹಾಗೆ ಅಂತಾರೆ. ಸುತ್ತಿನ ಮಾತ್ರೆ ಇನ್ನೂ ನುಂಗ್ತಿದಾರೆ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ತೋಟಕ್ಕೆ ಹೋಗೋಕೆ ಹೆದರಿ ಮಲಗೇ ಇರ್ತಾರೆ. ಗೊತ್ತಿರೋರು ಹೇಳಿ.

ಫಿಸಿಯೋಥೆರಪಿಸ್ಟ್, ಶಿವಮೊಗ್ಗ: ಮೊದಲು ಅಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ. ಹರಳು ಜಾಗಕ್ಕೆ ಹೋದ ಮೇಲೂ ಕೆಲವು ದಿನ, ಕೆಲವರಿಗೆ ಕೆಲವು ವಾರ ಈ ತೂಗಾಟ ಉಳಿಯುತ್ತೆ. ಕಿವಿ, ಕಣ್ಣು, ಪಾದ ಮೂರೂ ಕಳಿಸುವ ಸುದ್ದಿಯನ್ನು ಮಿದುಳು ಮತ್ತೆ ಹೊಂದಿಸಿಕೊಳ್ಳಬೇಕು. ತಲೆ ಅಲ್ಲಾಡಿಸದೆ ಮಲಗಿದರೆ ಆ ಕಲಿಕೆಯೇ ನಡೆಯೋದಿಲ್ಲ.

ಒಂದು ಹಾಳೆ ಮೇಲೆ ಹೆಬ್ಬೆರಳುಗುರಿನಷ್ಟು ದೊಡ್ಡದಾಗಿ ‘ಅ’ ಬರೆದು, ಖಾಲಿ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಅಂಟಿಸಿ. ಒಂದು ತೋಳಿನ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿ. ದೃಷ್ಟಿ ಅಕ್ಷರದ ಮೇಲೇ ಇರಲಿ, ತಲೆ ಮಾತ್ರ ‘ಬೇಡ ಬೇಡ’ ಅನ್ನುವ ಹಾಗೆ ಎಡಕ್ಕೆ ಬಲಕ್ಕೆ ಆಡಲಿ. ಒಂದು ನಿಮಿಷ, ಸ್ವಲ್ಪ ವಿರಾಮ, ಆಮೇಲೆ ಮೇಲೆ ಕೆಳಗೆ ಒಂದು ನಿಮಿಷ. ದಿನಕ್ಕೆ ಮೂರು ಹೊತ್ತು ಶುರು ಮಾಡಿ, ಒಟ್ಟು 12 ನಿಮಿಷಕ್ಕೆ ನಿಧಾನವಾಗಿ ಏರಿಸಿ. ಅಕ್ಷರ ಮಸುಕಾಗುವಷ್ಟು ಜೋರಾಗಿ ಬೇಡ, ಹಾಗಾದರೆ ವೇಗ ತುಸು ಇಳಿಸಿ. ಆಡಿಸುವಾಗ ಸ್ವಲ್ಪ ತಲೆಸುತ್ತು ಬರಲೇಬೇಕು, ಅದು ಬರದಿದ್ದರೆ ಮಿದುಳಿಗೆ ಕೆಲಸವೇ ಇಲ್ಲ. ಕಾಲು ಗಂಟೆಯಲ್ಲಿ ಇಳಿದರೆ ಸರಿ. ಸಂಜೆವರೆಗೂ ಉಳಿದರೆ ಅವತ್ತಿನದು ಜಾಸ್ತಿಯಾಯಿತು ಅಂತ. ಕೂತು ಸಲೀಸಾದ ಮೇಲೆ ಕಾಲು ಜೋಡಿಸಿ ನಿಂತು, ಅದೂ ಆದ ಮೇಲೆ ಮಡಚಿದ ಕಂಬಳಿ ಮೇಲೆ ನಿಂತು ಮಾಡಿಸಿ. ನಿಲ್ಲಿಸುವಾಗ ಗೋಡೆ ಮೂಲೆಗೆ ಬೆನ್ನು, ಎದುರಿಗೆ ಒಂದು ಕುರ್ಚಿ, ಪಕ್ಕದಲ್ಲಿ ನೀವು.

ನರ್ಸ್, ಸಾಗರ: ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ತರಹದ ಮಾತ್ರೆಗಳು ವಾಂತಿ, ಸುತ್ತು ಜೋರಿದ್ದ ಮೊದಲ ಎರಡು ಮೂರು ದಿನಕ್ಕೆ. ಹರಳನ್ನು ಅವು ಸರಿಸೋದಿಲ್ಲ. ವಾರಗಟ್ಟಲೆ ನುಂಗಿದರೆ ಮಂಪರು, ಮಿದುಳು ಹೊಂದಿಕೊಳ್ಳೋದೂ ತಡ. ವಯಸ್ಸಾದವರಲ್ಲಿ ಕೈ ನಡುಕ, ನಡಿಗೆ ಬಿಗಿಯಾಗೋದೂ ಉಂಟು. ಚೀಟಿ ತಗೊಂಡು ಹೋಗಿ, ನಿಲ್ಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿ. ವಿಟಮಿನ್ ಡಿ ಪರೀಕ್ಷೆಯನ್ನೂ ಕೇಳಿ, ಅದು ಕಮ್ಮಿ ಇದ್ದವರಿಗೆ ಹರಳು ಮತ್ತೆ ಜಾರೋದು ಹೆಚ್ಚು.

ಕೇಳಿದವರು: ಹರಳು ಮತ್ತೆ ಜಾರಿದರೆ ಎಪ್ಲಿ ಮನೆಯಲ್ಲೇ ಮಾಡಬಹುದಾ? ಉಪ್ಪಿನಕಾಯಿ ಬಿಡಿ ಅಂತ ಅಕ್ಕಪಕ್ಕದೋರು ಹೇಳ್ತಾರೆ.

ಆಡಿಯಾಲಜಿಸ್ಟ್ (ಶ್ರವಣ ತಜ್ಞರು), ಶಿವಮೊಗ್ಗ: ಅಪ್ಪೆಮಿಡಿ ಉಪ್ಪಿನಕಾಯಿ ಪಾಪ, ಇದಕ್ಕೆ ಸಂಬಂಧವಿಲ್ಲ. ಉಪ್ಪು ಕಡಿಮೆ ಮಾಡಿಸೋದು ಮೆನಿಯರ್ ಅನ್ನೋ ಬೇರೆ ಕಿವಿ ಕಾಯಿಲೆಗೆ. ಅದರಲ್ಲಿ ಸುತ್ತು ಗಂಟೆಗಟ್ಟಲೆ ಇರುತ್ತೆ, ಕಿವಿ ಕಟ್ಟಿದ ಹಾಗೆ, ಗುಂಯ್ ಅನ್ನೋ ಸದ್ದು, ಕೇಳೋದೂ ಮಂದ. ಹರಳಿನದು ಮಗ್ಗುಲಾದಾಗ ಬಂದು ಒಂದು ನಿಮಿಷದೊಳಗೆ ನಿಲ್ಲುತ್ತೆ.

ಮನೆಯಲ್ಲಿ ಮಾಡಬಹುದು. ಆದರೆ ಹರಳು ಜಾರಿದ್ದು ಅದೇ ಕಿವಿಯಲ್ಲೇ ಅಂತ ಖಚಿತವಿರಬೇಕು, ಕತ್ತಿನ ಮೂಳೆ ಸವೆತ ಜೋರಿದ್ದರೆ ಬೇಡವೇ ಬೇಡ. ಬಲಗಿವಿಗೆ: ಕಾಲು ಚಾಚಿ ಕೂತು ಮುಖ ಬಲಕ್ಕೆ 45 ಡಿಗ್ರಿ. ಹಾಗೇ ಹಿಂದಕ್ಕೆ ಮಲಗಿಸಿ, ದಿಂಬು ಹೆಗಲ ಕೆಳಗೆ ಬಂದು ತಲೆ ತುಸು ಇಳಿಬೀಳಬೇಕು. ಸುತ್ತು ನಿಂತ ಮೇಲೂ 30 ಸೆಕೆಂಡ್ ಕಾಯಿರಿ. ತಲೆ ಎತ್ತದೆ ಮುಖ ಎಡಕ್ಕೆ 90 ಡಿಗ್ರಿ, ಮತ್ತೆ 30 ಸೆಕೆಂಡ್. ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮೂಗು ನೆಲ ನೋಡುವಂತೆ, ಇನ್ನೂ 30. ಗದ್ದ ಎದೆಗೆ ಬಾಗಿಸಿಕೊಂಡೇ ಎಡಗಡೆಯಿಂದ ಎದ್ದು ಕೂರಬೇಕು, ಕೂತ ತಕ್ಷಣ ಬಿಟ್ಟು ಹೋಗಬೇಡಿ.

ಕೆಡೋದು ಎಲ್ಲಿ ಅಂದರೆ, ದಿಂಬನ್ನು ತಲೆಗೇ ಕೊಡ್ತಾರೆ, ಇಲ್ಲಾ ಎಡಕ್ಕೆ ತಿರುಗಿಸುವಾಗ ತಲೆ ಎತ್ತಿಬಿಡ್ತಾರೆ. ಹರಳು ಬಂದ ದಾರಿಗೇ ವಾಪಸ್. ಮಾಡಿದ ಮೇಲೆ ಎರಡೂ ಕಡೆ ಮಗ್ಗುಲಾದರೂ ಸುತ್ತು ಬಂದರೆ ಹರಳು ಒಳಗಿವಿಯ ಅಡ್ಡ ನಳಿಕೆಗೆ ಹೋಗಿರಬಹುದು. ಅದಕ್ಕೆ ಬೇರೆ ವಿಧಾನ, ತೋರಿಸಲೇಬೇಕು.

ಸುತ್ತಿನ ಜೊತೆ ಮಾತು ತೊದಲಿದರೆ, ವಸ್ತು ಎರಡೆರಡು ಕಂಡರೆ, ಒಂದು ಕಡೆ ಶಕ್ತಿ ಕುಂದಿದರೆ, ನಿಲ್ಲೋಕೇ ಆಗದಿದ್ದರೆ ಎಪ್ಲಿ ಗಿಪ್ಲಿ ಬೇಡ, ಆ ಕ್ಷಣ 108ಕ್ಕೆ ಫೋನ್ ಮಾಡಿ. ಅದು ಪಾರ್ಶ್ವವಾಯು ಇರಬಹುದು. ದಿಢೀರ್ ಒಂದು ಕಿವಿ ಕೇಳದಿದ್ದರೂ ಅವತ್ತೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಕಿವಿ ಡಾಕ್ಟರ ಹತ್ತಿರವೋ ಹೋಗಿ.

ಅಡಿಕೆ ಬೆಳೆಗಾರರು, ಹೊಸನಗರ: ಕಿವಿ ಕೈಕೊಟ್ಟವರು ಕಣ್ಣು, ಪಾದ ನಂಬಿ ನಡೀತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟಿಲ್ಲ, ಅಂಗಳದ ತುಂಬ ಪಾಚಿ, ಅಂದರೆ ಆ ಎರಡೂ ಹೋಯ್ತು. ಹಾಸಿಗೆ ಪಕ್ಕ ಟಾರ್ಚ್, ಬಚ್ಚಲಿಗೆ ಹೋಗೋ ದಾರಿಯಲ್ಲಿ ರಾತ್ರಿಯಿಡೀ ಉರಿಯೋ ಚಾರ್ಜಿಂಗ್ ದೀಪ ಇಡಿ. ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಸಂಕಕ್ಕೆ ಸೊಂಟದೆತ್ತರಕ್ಕೆ ಎರಡೂ ಬದಿ ಬಿದಿರು ಗಳ ಕಟ್ಟಿಸಿ. ಅದು ಆಗೋವರೆಗೂ, ಮನೆ ಜಗುಲಿ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ತೂರಾಡದೆ ಹಾಕೋವರೆಗೂ ಸಂಕ ದಾಟಿಸಬೇಡಿ. ದೋಟಿ (ಕೊಯ್ಯೋ ಉದ್ದ ಕೋಲು) ಹಿಡಿದು ಕತ್ತೆತ್ತಿ ಅಡಿಕೆ ಕೊನೆ ನೋಡೋದು, ಅಟ್ಟದಿಂದ ಸಾಮಾನು ಇಳಿಸೋದು ಸದ್ಯಕ್ಕೆ ಬೇರೆಯವರು ಮಾಡಲಿ. ಬೆಳಿಗ್ಗೆ ಎದ್ದ ಕೂಡಲೇ ನಿಲ್ಲಿಸಬೇಡಿ, ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂತಿರಲಿ.