ಸೀಸನ್‌ನಲ್ಲಿ ಬೆಟ್ಟದ ರಸ್ತೆ: ಮುಂದಿನ ಕಾರು ಎಲ್ಲಿ ನಿಲ್ಲುತ್ತದೋ ಗೊತ್ತಾಗಲ್ಲ, ನೀವೆಲ್ಲ ಹೇಗೆ ಓಡಿಸುತ್ತೀರಿ?

ಏರುದಾರಿ:
ಪ್ರವಾಸಿಗರು ಬರುವ ಬೆಟ್ಟದ ಮೇಲೆ ನನ್ನ ಮನೆ, ಕೆಲಸ ಕೆಳಗೆ. ದಿನಾ 12 ಕಿ.ಮೀ. ಇಳಿದು ಹತ್ತಬೇಕು. ದಾರಿಯೇನೋ ಅಂಗೈಯಷ್ಟು ಪರಿಚಯ. ಆದರೆ ಸೀಸನ್ ಶುರುವಾಯಿತೆಂದರೆ ಸಾಕು, ತಲೆಬಿಸಿ. ನಿನ್ನೆ ಮುಂದಿದ್ದ ಕಾರು ತಿರುವಿನ ಮಧ್ಯದಲ್ಲೇ ನಿಂತಿತು. ಇಂಡಿಕೇಟರ್ ಇಲ್ಲ, ಏನಿಲ್ಲ. ಹಿಂದಿನ ಬಾಗಿಲು ತೆಗೆದು ಒಬ್ಬ ಹುಡುಗ ಮೊಬೈಲ್ ಹಿಡಿದು ನಡುರಸ್ತೆಗೇ ಇಳಿದ. ಮಂಜಿನ ಫೋಟೊ ಬೇಕಂತೆ! ನನ್ನ ಹಿಂದಿನ ವ್ಯಾನಿನವನು ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಇಂಥವರನ್ನು ಓವರ್‌ಟೇಕ್ ಮಾಡಿ ಹೋಗಿಬಿಡುವುದು ವಾಸಿಯಾ, ಹಿಂದೆಯೇ ತೆವಳಬೇಕಾ?

ಎರಡನೇ ಗೇರ್:
ಮೇಡಂ, ನಾನು ಬಾಡಿಗೆ ಕಾರು ಓಡಿಸುವವನು. ನನ್ನ ಗಾಡಿಯಲ್ಲಿ ಕೂರುವವರೂ ಪ್ರವಾಸಿಗರೇ. "ಅಣ್ಣಾ, ಇಲ್ಲೇ ನಿಲ್ಸಿ" ಅಂತ ಸರಿಯಾಗಿ ತಿರುವಿನಲ್ಲೇ ಕೂಗುತ್ತಾರೆ.

ಮೊದಲು ಲೆಕ್ಕ ನೋಡಿ. 12 ಕಿ.ಮೀ.ಗೆ 30ರ ವೇಗದಲ್ಲಿ 24 ನಿಮಿಷ, 40ರಲ್ಲಿ 18. ಉಳಿಯುವುದು ಆರೇ ನಿಮಿಷ. ಸೀಸನ್‌ನಲ್ಲಿ ಅದೂ ಸಿಗಲ್ಲ. ಒಂದನ್ನು ದಾಟಿದರೆ ಮುಂದೆ ಇನ್ನೊಂದು ಇದ್ದೇ ಇರುತ್ತದೆ. ಎದುರಿನ ರಸ್ತೆ ಪೂರ್ತಿ ಕಾಣದ ಕಡೆ ಓವರ್‌ಟೇಕ್ ಬೇಡವೇ ಬೇಡ.

ನಾನು ಬ್ರೇಕ್ ಲೈಟಿಗಿಂತ ಜಾಸ್ತಿ ನೋಡುವುದು ಕಾರಿನೊಳಗಿನ ತಲೆಗಳನ್ನು. ಎಲ್ಲ ತಲೆಗಳೂ ಒಂದೇ ಕಡೆ ತಿರುಗಿದವೋ, ಬ್ರೇಕ್ ಬಿತ್ತು ಅಂತಲೇ ತಿಳಿದುಕೊಳ್ಳಿ. ಕಿಟಕಿಯಿಂದ ಮೊಬೈಲ್ ಹಿಡಿದ ಕೈ ಹೊರಬಂದರೂ ಅಷ್ಟೇ. ಕವಲುದಾರಿ ಹತ್ತಿರ ಒಮ್ಮೆ ನಿಧಾನ, ಒಮ್ಮೆ ಜೋರು ಅಂತ ಹೋಗುತ್ತಿದ್ದರೆ ಆಸಾಮಿ ಮ್ಯಾಪ್ ನೋಡುತ್ತಿದ್ದಾನೆ. ಯಾವ ಕಡೆಗಾದರೂ ತಿರುಗಿಸಿಯಾನು.

ಅಂತರ ಬಿಡಿ. ಮುಂದಿನ ಕಾರು ಒಂದು ಕಂಬ ದಾಟಿ ಎರಡು ಸೆಕೆಂಡ್ ಆದ ಮೇಲೆ ನೀವು ಆ ಕಂಬ ಮುಟ್ಟಬೇಕು. ಮಳೆಯಲ್ಲಿ ನಾಲ್ಕು. 40ರಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಹಿಂದಿನವನು ಅಂಟಿಕೊಂಡು ಬಂದರೆ ಮುಂದಿನ ಅಂತರ ಇನ್ನೂ ಹೆಚ್ಚಿಸಿ. ಆಗ ನೀವು ಮೆಲ್ಲಗೆ ನಿಲ್ಲಿಸಬಹುದು, ಅವನೂ ನಿಮಗೆ ಗುದ್ದುವುದಿಲ್ಲ. ಅಗಲ ಜಾಗ ಬಂದಾಗ ಪಕ್ಕಕ್ಕೆ ಸರಿದು ಅವನನ್ನು ಕಳಿಸಿಬಿಡಿ. ಅವನ ಅರ್ಜೆಂಟು ಅವನಿಗೆ.

ಮಬ್ಬು ಬೆಳಕು:
ಎಲ್ಲದಕ್ಕೂ ನಾವೇ ತಗ್ಗಬೇಕಾ? ಹಿಂದೆ ಸಾಲು ಬೆಳೆದರೆ ನಿಧಾನ ಹೋಗುವವರೂ ಪಕ್ಕಕ್ಕೆ ಸರಿಯಬೇಕು ಅಲ್ವಾ? ಇನ್ನು ಮಂಜು ಕಂಡರೆ ಸಾಕು, ನಾಲ್ಕೂ ಇಂಡಿಕೇಟರ್ ಹಾಕಿಕೊಂಡೇ ಓಡಿಸುತ್ತಾರೆ. ಅದು ಕೆಟ್ಟು ನಿಂತ ಗಾಡಿಗೆ ಸ್ವಾಮಿ! ನಾಲ್ಕೂ ಮಿನುಗುತ್ತಿದ್ದರೆ ಎತ್ತ ತಿರುಗುತ್ತಾರೆ ಅಂತ ಹಿಂದಿನವರಿಗೆ ಗೊತ್ತಾಗುವುದು ಹೇಗೆ? ಹೈಬೀಮ್ ಬೇರೆ. ಬೆಳಕು ಮಂಜಿಗೆ ಬಡಿದು ಅವರ ಕಣ್ಣಿಗೇ ವಾಪಸ್ ಬರುತ್ತದೆ.

ಏರುದಾರಿ:
ತಲೆ ನೋಡುವ ಉಪಾಯ ಇವತ್ತೇ ಶುರು ಮಾಡುತ್ತೇನೆ. ಇನ್ನೊಂದು ಡೌಟು. ಇಳಿಯುವಾಗ ಕೆಲವು ಕಾರುಗಳಿಂದ ಸುಟ್ಟ ವಾಸನೆ ಬರುತ್ತದಲ್ಲ, ಅದು ಕ್ಲಚ್ಚಾ?

ಎರಡನೇ ಗೇರ್:
ಹತ್ತುವಾಗ ಬಂದರೆ ಕ್ಲಚ್. ಇಳಿಯುವಾಗ ಹೆಚ್ಚಾಗಿ ಬ್ರೇಕೇ. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟು ಇಳಿದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾದರೆ ಇನ್ನೂ ಕಷ್ಟ. ಅದು ಗಾಳಿಯ ತೇವ ಹೀರುತ್ತದೆ, ಬೇಗ ಕುದಿಯುತ್ತದೆ. ಒಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲಲ್ಲ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಹಾಕಿದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರಿಗೆ ಏನು ಹೇಳುವುದೋ ನನಗೂ ಗೊತ್ತಿಲ್ಲ. ಆಟೊಮ್ಯಾಟಿಕ್ ಆದರೆ ಸಾಮಾನ್ಯವಾಗಿ 'ಎಲ್' (ಲೋ, ಅಂದರೆ ಕೆಳಗಿನ ಗೇರ್) ಅಥವಾ ಮ್ಯಾನುಯಲ್ ಮೋಡ್ ಇರುತ್ತದೆ. ಬಾಡಿಗೆಗೆ ತಂದವರಿಗೆ ಅದು ಎಲ್ಲಿದೆ ಅಂತಲೇ ಗೊತ್ತಿರಲ್ಲ.

ಸುಟ್ಟ ವಾಸನೆ ಬರುವ ಕಾರು ಎಲ್ಲಾದರೂ ನಿಂತಿದ್ದರೆ ಒಂದು ಮಾತು ಹೇಳಿ ಹೋಗಿ, ಬ್ರೇಕ್ ಪೂರ್ತಿ ಆರುವ ತನಕ ಹೊರಡಬೇಡಿ ಅಂತ. ಚಕ್ರಕ್ಕೆ ಬಾಟಲಿ ನೀರು ಸುರಿಯಲು ಹೊರಟರೆ ತಡೆಯಿರಿ. ಕಾದ ಡಿಸ್ಕ್ ಬಿರುಕು ಬಿಡಬಹುದು.