‘ಸೋಷಿಯಲಿಸ್ಟ್’ ಅಂದ್ರೆ ಅಮೆರಿಕದಲ್ಲಿ ಬೈಗುಳವಾ?

ಮೂಡಿಗೆರೆ ತೋಟದವ:
ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಮೊನ್ನೆ ಊರಿಗೆ ಬಂದಿದ್ದ. ಕಾಫಿ ಕಣದಲ್ಲಿ ಬೀಜ ಎಳೆಯುತ್ತಾ ನಾನು ಸುಮ್ನೆ, ‘ನಮ್ಮಪ್ಪ ಸಮಾಜವಾದಿ. ಶಾಂತವೇರಿ ಗೋಪಾಲಗೌಡರ ಭಾಷಣ ಅಂದ್ರೆ ಊಟ ಬಿಟ್ಟು ಓಡುತ್ತಿದ್ದರು’ ಅಂದೆ. ‘ಮಾವ, ಅಲ್ಲಿ ಹೀಗೆಲ್ಲ ಹೇಳಬೇಡಿ’ ಅಂದ! ಜರ್ಮನಿಯಲ್ಲಿ ಓದುವ ಮಗಳಿಗೆ ಹೇಳಿದರೆ ಅವಳು ನಕ್ಕಳು. ಒಂದೇ ಪದ ಅಲ್ವಾ?

ಹಾಸನದ ಮೇಷ್ಟ್ರು:
ಪದ ಒಂದೇ, ಚರಿತ್ರೆ ಬೇರೆ. ಯುರೋಪಿನಲ್ಲಿ ಅದು ಸರ್ಕಾರ ನಡೆಸಿದ ಪಕ್ಷಗಳ ಹೆಸರು. ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ (ಎಸ್‌ಪಿಡಿ) 1959ರಲ್ಲೇ ಮಾರ್ಕ್ಸ್‌ವಾದ ಬದಿಗಿಟ್ಟು ಮಾರುಕಟ್ಟೆಯನ್ನು ಒಪ್ಪಿಕೊಂಡಿತು. ಬ್ರಿಟನ್ನಿನ ಲೇಬರ್ ಸರ್ಕಾರ 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ತಂದಿತು. ಆಮೇಲೆ ಬಂದ ಕನ್ಸರ್ವೇಟಿವ್ ಪಕ್ಷದವರೂ ಅದನ್ನು ಮುಚ್ಚಲಿಲ್ಲ. ಅಮೆರಿಕದಲ್ಲಿ ಮಾತ್ರ ಶೀತಲ ಸಮರದ ಕಾಲದಲ್ಲಿ ಆ ಪದಕ್ಕೆ ರಷ್ಯಾದ ವಾಸನೆ ಜಾಸ್ತಿ ಅಂಟಿತು. ಅಲ್ಲಿನ ಎಡಪಂಥೀಯ ರಾಜಕಾರಣಿ ಬರ್ನಿ ಸ್ಯಾಂಡರ್ಸ್ ತಮ್ಮನ್ನು ‘ಡೆಮಾಕ್ರಟಿಕ್ ಸೋಷಿಯಲಿಸ್ಟ್’ ಅಂತ ಕರೆದುಕೊಂಡು ಮಾದರಿ ಅಂತ ಡೆನ್ಮಾರ್ಕ್ ಕಡೆ ಕೈ ತೋರಿಸುತ್ತಾರೆ. ತಮಾಷೆ ನೋಡಿ, 2015ರಲ್ಲಿ ಡೆನ್ಮಾರ್ಕಿನ ಪ್ರಧಾನಿಯೇ ನಮ್ಮದು ಸಮಾಜವಾದ ಅಲ್ಲ, ಮಾರುಕಟ್ಟೆ ಆರ್ಥಿಕತೆ ಅಂದುಬಿಟ್ಟರು.

ಬೇಲೂರು ಹುಡುಗಿ:
‘ಲಿಬರಲ್’ ಇನ್ನೂ ಗೋಜಲು. ಅಮೆರಿಕದಲ್ಲಿ ಎಡಕ್ಕೆ ವಾಲಿದವರು. ಜರ್ಮನಿಯಲ್ಲಿ ಲಿಬರಲ್ ಅಂದ್ರೆ ಎಫ್‌ಡಿಪಿ ಅನ್ನೋ ಪಕ್ಷ, ತೆರಿಗೆ ಇಳಿಸಿ ಅನ್ನುವವರು. ಬಣ್ಣವೂ ಉಲ್ಟಾ. ಯುರೋಪಿನಲ್ಲಿ ಕೆಂಪು ಎಡಪಕ್ಷಗಳದು, ಅಮೆರಿಕದಲ್ಲಿ ರಿಪಬ್ಲಿಕನ್ನರದು.

ಮೂಡಿಗೆರೆ ತೋಟದವ:
ಅಯ್ಯೋ! ಅವನ ಕೆಂಪು ಟೋಪಿ ನೋಡಿ ‘ಬಾರಯ್ಯ ಕಾಮ್ರೇಡ್’ ಅಂದಿದ್ದೆ. ಅದಕ್ಕೇ ಮುಖ ಊದಿಸಿಕೊಂಡಿದ್ದು.